ಮೂವತ್ತು ಅಡಿ

ಫೆಬ್ರುವರಿ. ಅಡುಗೆಮನೆಯ ಮೇಜಿನ ಮೇಲೆ
ಜೂನ್ ತಿಂಗಳನ್ನು ಹರವಿಕೊಂಡು ಕೂತಿದ್ದೇನೆ.
ಕಿಟಕಿಯಾಚೆ ಸೊಂಟದವರೆಗೆ ಹಿಮದಲ್ಲಿ ಹೂತು
ನಿಂತಿದೆ ಅಪ್ಪನ ಮೋಟರ್‌ಹೋಮ್,
ಬೆನ್ನಿಗೆ ನೀಲಿ ಟಾರ್ಪಾಲು ಹೊದ್ದು,
ಕೊಟ್ಟಿಗೆ ಸಿಗದ ಎಮ್ಮೆಯ ಹಾಗೆ.

"ಇನ್ನೂ ನಾಲ್ಕು ತಿಂಗಳಿದೆ, ಆರ್ಲಿಸ್," ಎನ್ನುತ್ತಾನೆ ವರ್ಲಿನ್.
ನಾಲ್ಕು ತಿಂಗಳೆಂದರೆ ಏನೆಂದುಕೊಂಡ ಇವನು!
ಐಡಾಹೊದ ಈ ಗೋದಿಯೂರಿನ ಶಾಲೆಯಲ್ಲಿ
ಇಪ್ಪತ್ತಾರು ವರ್ಷ ಬಡಿಸಿದವಳು ನಾನು,
ಸೋಮವಾರದ ಸೂಪಿಗೆ ಗುರುವಾರವೇ ಬೀನ್ಸ್ ಅಳೆದವಳು.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪಟ್ಟಿ:
ಕುಡಿಯುವ ನೀರಿನ ಕೊಳವೆ, ಕೊಳೆನೀರಿನ ಕೊಳವೆ,
ಎರಡಕ್ಕೂ ಬೇರೆ ಬಣ್ಣ, ದೇವರೇ, ಬೇರೆ ಬೇರೆ ಬಣ್ಣ;
ಚಕ್ರಕ್ಕೆ ಅಡ್ಡಕೊಡುವ ಮರದ ತುಂಡು, ಫ್ಯೂಸು,
ಇಲಿ ಕಡಿದಿರಬಹುದಾದ ತಂತಿಗೆ ಟೇಪು,
ಕರಡಿಗೆ ವಾಸನೆ ಸಿಗದ ಡಬ್ಬಿ,
ವರ್ಲಿನ್ನನ ಬಿ.ಪಿ. ಮಾತ್ರೆ.
ಬೀನ್ಸ್, ಎರಡು ಡಬ್ಬಿ, ಬೆಂದದ್ದೇ ಇರಲಿ:
ಆರೂವರೆ ಸಾವಿರ ಅಡಿ ಎತ್ತರದಲ್ಲಿ
ಕಾಳು ಬೇಯುವುದಕ್ಕೆ ಹಟ ಮಾಡುತ್ತದೆ.

ಕೊನೆಯ ಹನ್ನೊಂದು ಮೈಲಿ ಕಡಿದಾದ ಏರು.
ಇಳಿಯುವಾಗ ಬ್ರೇಕು ಒತ್ತಿಕೊಂಡೇ ಇರಬೇಡಿ, ಗೇರು ಇಳಿಸಿ,
ಎಂದಳು ಉದ್ಯಾನದ ಕಚೇರಿಯ ಹುಡುಗಿ
ಫೋನಿನಾಚೆ ಏನನ್ನೋ ಅಗಿಯುತ್ತ.
ಹುಲ್ಲುಗಾವಲಿನ ಅಂಚಿಗಿರುವುದು ಒಂದೇ ಉಳಿದಿದೆ, ಒಂಬತ್ತನೆಯದು.
ಜೂನ್ ಎರಡನೇ ವಾರಕ್ಕೆ ಕ್ಯಾಮಸ್ ಅರಳುತ್ತದೆ,
ನೀಲಿಯೆಂದರೆ ನೀಲಿ.
"ನೋಡಿದವರು ಕೆರೆ ಅಂದುಕೊಳ್ಳುತ್ತಾರೆ, ಮೇಡಂ.
ಒಬ್ಬರು ದೋಣಿ ಇಳಿಸಲು ಹೋಗಿದ್ದರು."
ನಾನು ನಕ್ಕೆ. ಅವಳು ನಗಲಿಲ್ಲ.
"ಗಾಡಿ ಎಷ್ಟುದ್ದ? ಮೂವತ್ತು ಅಡಿ ದಾಟಿದರೆ
ತಿರುವಿನಲ್ಲಿ ಪೈನ್ ಮರಕ್ಕೆ ತಾಗುತ್ತದೆ.
ಸೋಮವಾರದವರೆಗೆ ಹಿಡಿದಿಡುತ್ತೇನೆ."

ಟೇಪು ಹಿಡಿದು ಹೊರಬಿದ್ದೆವು.
ಆ ತುದಿಗೆ ವರ್ಲಿನ್, ಈ ತುದಿಗೆ ನಾನು,
ನಡುವೆ ಇಡೀ ಅಪ್ಪ.
ಮೂವತ್ತೊಂದು ಅಡಿ, ಎರಡು ಅಂಗುಲ.
ಮತ್ತೆ ಅಳೆದೆವು, ಉಸಿರು ಬಿಗಿಹಿಡಿದು,
ನಮ್ಮನ್ನು ನೋಡಿ ಅದೂ
ಹೊಟ್ಟೆ ಒಳಗೆಳೆದುಕೊಂಡೀತು ಎಂಬಂತೆ.
ಮೂವತ್ತೊಂದು, ಎರಡು.

ಹೆಚ್ಚಾದದ್ದು ಹಿಂಬದಿಯ ಕಬ್ಬಿಣದ ಪೆಟ್ಟಿಗೆ.
ವೆಂಡೆಲ್ ಮಾಡಿದ್ದು. ನನ್ನ ತಮ್ಮ.
ಅಪ್ಪನ ಮೀನುಗಾಳಗಳಿಗೆಂದು ಒಂದಿಡೀ ಬೇಸಿಗೆ
ಷೆಡ್ಡಿನಲ್ಲಿ ಕಿಡಿ ಹಾರಿಸಿದ್ದ.
ಅಪ್ಪ ಗಾಡಿಯನ್ನು ನನ್ನ ಹೆಸರಿಗೆ ಬರೆದ ಮೇಲೆ
ಐದು ಥ್ಯಾಂಕ್ಸ್‌ಗಿವಿಂಗ್, ಅವನ ಕುರ್ಚಿ ಖಾಲಿ.
ದೂರವೇನಿಲ್ಲ, ಗೋದಿ ಗೋದಾಮಿನಾಚೆ ಮೂರನೇ ಮನೆ.
ಪೆಟ್ರೋಲು ಬಂಕಿನಲ್ಲಿ ಎದುರಾದರೆ ಇಬ್ಬರೂ
ಮೀಟರಿನ ಅಂಕಿಗಳನ್ನು ಭಕ್ತಿಯಿಂದ ಓದುತ್ತೇವೆ.

ಊರಲ್ಲಿ ಗ್ಯಾಸ್ ಕಟರು ಇರುವುದು ಅವನೊಬ್ಬನ ಹತ್ತಿರ.

ಶನಿವಾರವೆಲ್ಲ ಫೋನನ್ನು
ಮಡಿಸದ ಬಟ್ಟೆಯ ರಾಶಿಯೊಳಗೆ ಇಟ್ಟಿದ್ದೆ.
ಭಾನುವಾರ ತೆಗೆದೆ.
"ಪೆಟ್ಟಿಗೆ ಕತ್ತರಿಸಬೇಕಿತ್ತು."
ಹಲೋ ಇಲ್ಲ, ಹೇಗಿದ್ದೀ ಇಲ್ಲ.
ಅವನ ಟೀವಿಯಲ್ಲಿ ಯಾರೋ ಬಾಸ್ಕೆಟ್‌ಬಾಲ್ ಆಡುತ್ತಿದ್ದರು.
ಜನ ಕೂಗಿದರು, ಸುಮ್ಮನಾದರು, ಮತ್ತೆ ಕೂಗಿದರು.
"ಎಷ್ಟು?"
"ಹದಿನಾಲ್ಕು ಅಂಗುಲ."
"ಎಲ್ಲಿಗೆ?"
ಹೇಳಿದೆ. ಕ್ಯಾಮಸ್ ಎಂದೆ, ಕೆರೆ ಎಂದೆ,
ದೋಣಿಯವನ ಕತೆಯನ್ನೂ ಯಾಕೋ ಹೇಳಿಬಿಟ್ಟೆ.

ಟೀವಿ ಆರಿತು.
"ಕತ್ತರಿಸೋದು ಬೇಡ. ಒಳಗಡೆ ನಾಲ್ಕು ಬೋಲ್ಟಿದೆ.
ಬೆಸುಗೆ ಬರೀ ತೋರಿಕೆಗೆ.
ಯಾವತ್ತಾದರೂ ಬಿಚ್ಚಬೇಕಾದೀತು ಅಂತ
ಅಪ್ಪನೇ ಹೇಳಿ ಮಾಡಿಸಿದ್ದ."
ಸ್ವಲ್ಪ ತಡೆದು:
"ಮುಕ್ಕಾಲು ಇಂಚಿನ ಸ್ಪ್ಯಾನರು ಇದೆಯಾ ನಿಮ್ಮಲ್ಲಿ?"

ಇತ್ತು. ಗ್ಯಾರೇಜಿನ ಗೋಡೆಗೆ ಮೂರು ತೂಗುತ್ತಿದ್ದವು,
ಒಂದು ಹೊಚ್ಚ ಹೊಸದು.
ವರ್ಲಿನ್ ಬಾಯಿ ತೆರೆದ. ನಾನು ಕೈ ಎತ್ತಿದೆ.

"ಇಲ್ಲ," ಅಂದೆ.

ಫೋನಿಟ್ಟು, ಪಟ್ಟಿ ಎಳೆದುಕೊಂಡು,
ಬೀನ್ಸ್ ಎರಡು ಡಬ್ಬಿ ಎಂದಿದ್ದುದನ್ನು
ಹೊಡೆದುಹಾಕಿದೆ.